ಕೈ ಎಲ್ಲಿಗೆ ಬಂತು

ಅಪ್ಪನ ಮೊಣಕೈ ಮುರಿದು, ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಮಡಚಲು ಬರುತ್ತಿರಲಿಲ್ಲ. ಚಾಮರಾಜನಗರದ ಒಬ್ಬ ಫಿಸಿಯೋಥೆರಪಿಸ್ಟ್ ಅದನ್ನು ಸರಿಮಾಡಿಕೊಟ್ಟರು. ಅಂದಿನಿಂದ ಅಪ್ಪನ ಪಾಲಿಗೆ ಭೂಮಿಯ ಮೇಲೆ ಅವರೊಬ್ಬರೇ ಡಾಕ್ಟರು. ತೊಂಬತ್ತರ ದಶಕದ ಒಂದು ಬೇಸಿಗೆ, ನಾನು ಪಿಯುಸಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ‘ದೊಡ್ ಡಾಕ್ಟ್ರು ಓದಕ್ಕೆ ಸೀಟು ಸಿಗ್ದಿದ್ರೆ ಇದ್ನೇ ಓದು. ಮೊದ್ಲು ಓಗಿ ಕೆಲ್ಸ ನೋಡು’ ಎಂದು ಅಪ್ಪ ನಮ್ಮೂರು ಭೀಮನಬೀಡಿನಿಂದ ಕರೆತಂದು ಚಾಮರಾಜನಗರದ ಸೋದರತ್ತೆಯ ಮನೆಯಲ್ಲಿ ಬಿಟ್ಟುಹೋದರು. ನನ್ನನ್ನೊಂದು ಮಾತು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಅತ್ತೆ ಕೆಟ್ಟವರಲ್ಲ. ಹೊತ್ತುಹೊತ್ತಿಗೆ ಊಟ ಬಡಿಸುತ್ತಿದ್ದರು. ಆದರೆ ಆ ಮನೆಯಲ್ಲಿ ಎಲ್ಲರೂ ಟಿವಿಗೆ ಮುಖ ಮಾಡಿಕೊಂಡು ಉಣ್ಣುವವರು. ‘ಸಾರು ಹಾಕ್ಲಾ?’ ಎನ್ನುವುದು ಬಿಟ್ಟರೆ ನನ್ನೊಡನೆ ಯಾರೂ ಮಾತಾಡುತ್ತಿರಲಿಲ್ಲ. ಅಳೋಣವೆಂದರೆ ಬಚ್ಚಲಿಗೆ ಚಿಲಕವೂ ಇರಲಿಲ್ಲ.

ಕ್ಲಿನಿಕ್ಕಿನಲ್ಲೂ ಅಷ್ಟೇ. ಜನ ‘ಕರೆಂಟ್ ಕೊಡೋ ಡಾಕ್ಟ್ರು’ ಎಂದು ಕರೆಯುತ್ತಿದ್ದ ಅವರು ಹೆಚ್ಚು ಮಾತಿನವರಲ್ಲ. ನೋಡು ಎನ್ನುವರು, ಮೂಲೆಯ ಸ್ಟೂಲಿನಲ್ಲಿ ಕೂತು ನೋಡುವೆ. ನನಗೆ ಕೆಲಸ ಸಿಕ್ಕಿದ್ದು ಹೆಂಗಸರಿಂದ. ಭುಜನೋವೆಂದು ಬಂದ ಹೆಂಗಸರು ಗಂಡಸಿನಿಂದ ಮುಟ್ಟಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಮೊದಲು ಡಾಕ್ಟರ ಹೆಂಡತಿ ನೆರವಾಗುತ್ತಿದ್ದರಂತೆ. ಅವರಿಗೆ ಬ್ಯಾಂಕಿನಲ್ಲಿ ಕೆಲಸವಾಗಿತ್ತು. ಹಾಗಾಗಿ ಡಾಕ್ಟರು ಪರದೆಯ ಆಚೆ ನಿಂತು ಹೇಳುವುದು, ನಾನು ಈಚೆ ನಿಂತು ಮಾಡುವುದು. ಒಂದು ಕೈಯಿಂದ ಹೆಗಲು ಒತ್ತಿ ಹಿಡಿ, ಇನ್ನೊಂದರಿಂದ ಮೊಣಕೈ ಎತ್ತು, ನಿಧಾನ. ಆಮೇಲೆ ತಪ್ಪದೆ ಕೇಳುವರು: ‘ಕೈ ಎಲ್ಲಿಗೆ ಬಂತು?’ ಎದೆಮಟ್ಟಕ್ಕೆ ಸರ್, ಕಿವಿಯವರೆಗೆ ಸರ್. ನಾನು ಹೇಳಿದ್ದೇ ಅವರಿಗೆ ಆಧಾರ.

ಮಂಗಳವಾರ ಗುಂಡ್ಲುಪೇಟೆಯಿಂದ ಒಬ್ಬ ಅಕ್ಕ ಬರುತ್ತಿದ್ದರು. ಬಚ್ಚಲಲ್ಲಿ ಜಾರಿಬಿದ್ದು ಬಲಭುಜ ಬಿಗಿದುಕೊಂಡು, ತಲೆ ಬಾಚಿಕೊಳ್ಳಲೂ ಆಗದಂತಾಗಿತ್ತು. ಗಂಡ ಕೇರಳಕ್ಕೆ ತರಕಾರಿ ಲಾರಿ ಓಡಿಸುವವರು, ಮಕ್ಕಳಿಲ್ಲ. ನಾನು ಕೈ ಎತ್ತುವಷ್ಟು ಹೊತ್ತೂ ಮಾತಾಡುವರು. ‘ನಮ್ಮೆಜಮಾನ್ರು ಲಾರಿ ಅತ್ತುದ್ರೆ ವಾರ ಕಣಮ್ಮಿ. ಮಾತಾಡ್ಬೇಕು ಅಂದ್ರೆ ಒಲೆ ಜೊತೇಲೇ ಮಾತಾಡ್ಬೇಕು. ನೋವಾದ್ರೂ ಆಗ್ಲಿ ಬುಡು, ನೀನು ಎತ್ತು.’ ನನ್ನ ಜಡೆ ನೋಡಿ, ‘ಕತ್ತೆ ಬಾಲ ಇದ್ದಂಗದೆ’ ಎಂದು ನಕ್ಕು ಎಡಗೈಯಲ್ಲಿ ತಲೆ ಸವರಿದರು. ಆ ಊರಿಗೆ ಬಂದ ಮೇಲೆ ನನ್ನನ್ನು ಮುಟ್ಟಿದವರು ಅವರೊಬ್ಬರೇ. ಬುಧವಾರದಿಂದಲೇ ಮುಂದಿನ ಮಂಗಳವಾರಕ್ಕೆ ಕಾಯತೊಡಗಿದೆ.

ಅವರ ಕೈ ಕಿವಿಯವರೆಗೆ ಬಂದು ಅಲ್ಲೇ ನಿಂತುಬಿಟ್ಟಿತು. ವಾರಗಳು ಕಳೆದರೂ ದಾಟಲಿಲ್ಲ. ಹೀಗೇ ಇದ್ದರೆ ಮೈಸೂರಿಗೆ ಕಳಿಸಿ ಕೀಲಿಗೆ ಇಂಜೆಕ್ಷನ್ ಕೊಡಿಸಬೇಕಾಗುತ್ತದೆ ಎಂದರು ಡಾಕ್ಟರು. ಅದೇ ಸಂಜೆ ಅತ್ತೆಗೆ ಸೊಪ್ಪು ತರಲು ಬಸ್‌ಸ್ಟ್ಯಾಂಡ್ ಕಡೆ ಹೋಗಿದ್ದೆ. ಗುಂಡ್ಲುಪೇಟೆ ಬಸ್ಸು ಹೊರಡುತ್ತಿತ್ತು, ಒಳಗೆ ಕಾಲಿಡಲು ಜಾಗವಿಲ್ಲ. ಕಿಟಕಿಯಲ್ಲಿ ಅಕ್ಕ ಕಂಡರು. ಎಡಗೈಯಲ್ಲಿ ಚೀಲವಿತ್ತು. ಬಲಗೈ ನೆಟ್ಟಗೆ ಮೇಲೆ ಹೋಗಿ ಕಂಬಿ ಹಿಡಿದಿತ್ತು. ಅವರೂ ನನ್ನನ್ನು ನೋಡಿದರು. ಕೈ ಇಳಿಸಲು ಹೋದರು. ಬಸ್ಸು ಜಗ್ಗಿತು, ಮತ್ತೆ ಹಿಡಿದುಕೊಂಡರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಸಂತೋಷವಾಯಿತು. ಅವರೂ ನನ್ನಂತೆಯೇ ಮಂಗಳವಾರಕ್ಕೆ ಕಾಯುತ್ತಾರೆ ಎಂದು ಗೊತ್ತಾಯಿತಲ್ಲ. ಆಮೇಲೆ ಭಯವಾಯಿತು. ನಿಜ ಹೇಳಿದರೆ ಅವರು ಬರುವುದು ನಿಲ್ಲುತ್ತದೆ. ಹೇಳದಿದ್ದರೆ ವಾಸಿಯಾದ ಭುಜಕ್ಕೆ ಸೂಜಿ.

ಮುಂದಿನ ಮಂಗಳವಾರ ಅಕ್ಕ ಬಂದು ಕಣ್ಣು ತಪ್ಪಿಸಿ ಕೂತರು. ಮೊಣಕೈ ಎತ್ತುತ್ತಾ ಎತ್ತುತ್ತಾ ಕಿವಿಯ ಹತ್ತಿರ ನಾನೇ ನಿಲ್ಲಿಸಿದೆ. ‘ಎಲ್ಲಿಗೆ ಬಂತು?’ ಪರದೆಯಾಚೆಯಿಂದ ಡಾಕ್ಟರು ಕೇಳಿದರು. ನಾನು ಮೊಣಕೈ ಹಿಡಿದೇ ನಿಂತೆ. ‘ಏನಮ್ಮ, ಕೇಳಿಸ್ತಾ?’ ಎಂದು ಮತ್ತೆ ಕೇಳಿದರು.

ಅಕ್ಕ ನನ್ನ ಮುಖವನ್ನೇ ನೋಡಿದರು. ನನ್ನ ಹಿಡಿತದಿಂದ ಮೊಣಕೈ ಮೆಲ್ಲಗೆ ಬಿಡಿಸಿಕೊಂಡು, ತಾವೇ ಕೈಯನ್ನು ನೆಟ್ಟಗೆ ಮೇಲೆತ್ತಿದರು.

‘ಪೂರಾ ಬಂದದೆ ಡಾಕ್ಟ್ರೇ’ ಎಂದರು. ‘ನಿಮ್ಮುಡ್ಗಿ ಚೆಂದಾಗಿ ಮಾಡ್ಬುಟ್ಲು.’

‘ಹಾಗಾದ್ರೆ ಇನ್ನು ಬರೋದು ಬೇಡಮ್ಮ’ ಎಂದು ಡಾಕ್ಟರು ಖುಷಿಯಾಗಿ ಹೇಳಿದರು. ಅಕ್ಕ ಸೆರಗು ಹೊದ್ದುಕೊಂಡು, ನನ್ನ ಕೆನ್ನೆ ಮುಟ್ಟಿ, ಚೀಲ ಎತ್ತಿಕೊಂಡು ಹೋದರು. ಆ ಸಂಜೆ ಡಾಕ್ಟರು ಮೊದಲ ಸಲ ನನ್ನನ್ನು ಹೊಗಳಿದರು. ‘ನಿನಗೆ ಕೈಗುಣ ಇದೆ. ಬಂದವರು ಮತ್ತೆ ಬರದ ಹಾಗೆ ಮಾಡೋದೇ ನಮ್ಮ ಕೆಲಸ’ ಎಂದರು.

ಫಲಿತಾಂಶ ಬಂದಾಗ ಅಪ್ಪ ಫಿಸಿಯೋಥೆರಪಿ ಕಾಲೇಜಿನ ಅರ್ಜಿ ಹಿಡಿದುಕೊಂಡೇ ಬಂದರು. ನಾನು ಬೇಡವೆಂದೆ. ಯಾಕೆಂದು ಕೇಳಿದರು.

‘ಆ ಕೆಲ್ಸದಲ್ಲಿ ಒಬ್ಳೇ ಆಗ್ಬುಡ್ತೀನಿ’ ಎಂದೆ.

ಅಪ್ಪ ಅರ್ಥವಾಗದೆ ನನ್ನನ್ನೇ ನೋಡಿದರು. ‘ದಿನಾ ಅಷ್ಟೊಂದು ಜನ ಬತ್ತರಲ್ಲವ್ವಾ ಕ್ಲಿನಿಕ್ಕಿಗೆ’ ಎಂದರು.