ದೇವಕ್ಕನ ಜಪ್ತಿ ಕುರಿಗಳು

ಬಾಗಿಲಿಗೆ ಅಂಟಿಸಿದ ಸಮನ್ಸನ್ನು ಆಡು ತಿಂದರೆ ಅದು ಜಾರಿಯಾದ ಲೆಕ್ಕವೋ, ಅಲ್ಲವೋ? ನಗಬೇಡಿ. ಶಹಾಪುರದ ಸಿವಿಲ್ ಕೋರ್ಟಿನಲ್ಲಿ ಗುಮಾಸ್ತೆಯಾಗಿ ಇಷ್ಟು ವರ್ಷ ಕಳೆದಿದ್ದೇನೆ, ಇಂಥ ಪ್ರಶ್ನೆ ಹೊತ್ತು ನನ್ನ ಮೇಜಿನ ಮುಂದೆ ಬಂದು ನಿಂತವಳು ದೇವಕಮ್ಮ ಒಬ್ಬಳೇ. ಕೈಯಲ್ಲಿ ಅಂಟಿನ ಡಬ್ಬಿ, ಹೆಗಲಿಗೆ ಚೀಲ, ಸೀರೆಯ ಅಂಚಿನವರೆಗೂ ಸಗರದ ದಾರಿಯ ಧೂಳು.

“ಅನುರಾಧಾ ಮೇಡಂ, ಆಡು ತಿಂತ್ರಿ,” ಅಂದಳು.

“ಏನು ತಿಂತು ದೇವಕ್ಕ?”

“ಸಮನ್ಸ್ ರಿ. ಇಬ್ಬರು ಪಂಚರ ಮುಂದ ಬಾಗಿಲಕ್ಕ ಹಚ್ಚಿ, ಅವರ ಸಹಿ ಮಾಡಿಸಿಕೊಂಡು ತಿರುಗಿ ನೋಡೂದ್ರಾಗ ಅರ್ಧ ಹೋಗಿತ್ತು. ಮೈದಾ ಕುದಿಸಿ ಹಚ್ಚಿದ್ದೆ ನೋಡ್ರಿ, ರುಚಿ ಹತ್ತಿರಬೇಕು ಅದಕ್ಕ.”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ದೇವಕ್ಕ ನಗಲಿಲ್ಲ. ಆಡು ತಿಂದದ್ದನ್ನೂ ವರದಿಯಲ್ಲಿ ಬರೆಯಬೇಕೆಂದು ಹಟ ಹಿಡಿದಳು, ಬರೆಸಿದಳು. ಅದನ್ನು ಓದುವಾಗ ಜಡ್ಜ್ ಸಾಹೇಬರ ಮೀಸೆ ಅಲುಗಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಟಿಸಿದ್ದಕ್ಕೆ ಸಾಕ್ಷಿಯಿದೆ, ಆಮೇಲೆ ಏನಾಯಿತೆಂಬುದು ಆಡಿನ ವಿಚಾರ, ಸಮನ್ಸ್ ಜಾರಿಯಾಗಿದೆ ಎಂದರು.

ಈ ದೇವಕ್ಕ ಯಾರೆಂದು ಹೇಳದೆ ಮುಂದೆ ಹೋದರೆ ತಪ್ಪಾದೀತು. ಆಕೆಯ ಗಂಡ ತಾಯಪ್ಪ ನಮ್ಮ ಕೋರ್ಟಿನ ಅಮೀನ. ಅಂದರೆ ಊರೂರಿಗೆ ಹೋಗಿ ಕೋರ್ಟಿನ ಕಾಗದ ಮುಟ್ಟಿಸುವವನು, ಜಪ್ತಿ ಇದ್ದರೆ ಜಪ್ತಿ ಮಾಡುವವನು. ಅವನು ಕಾಯಿಲೆಯಿಂದ ತೀರಿಕೊಂಡಾಗ ಅನುಕಂಪದ ಮೇಲೆ ಆ ಕೆಲಸ ಹೆಂಡತಿಗೆ ಬಂತು. ಹೆಣ್ಣುಮಗಳು ಜಪ್ತಿ ಹೇಗೆ ಮಾಡುತ್ತಾಳೆ, ಒಳಗೆ ಕೂತು ಕಡತ ಜೋಡಿಸಲಿ ಎಂದು ನಮ್ಮ ಆಫೀಸಿನ ಗಂಡಸರು ದೊಡ್ಡ ಮನಸ್ಸು ಮಾಡಿದರು. “ಅವರು ತಿರುಗಿದ ಹಾದಿ ನಾನೂ ತಿರುಗ್ತೀನ್ರಿ,” ಎಂದವಳೇ ಗಂಡನ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದಳು. ಮಗಳು ಪಂಚಶೀಲಾಳನ್ನು ಟೀಚರ್ ಮಾಡಿದ್ದು ಇದೇ ಬಸ್ಸು ಹತ್ತಿ ಇಳಿದು.

ಆಕೆಯದೊಂದು ರೂಢಿ. ಯಾರ ಮನೆಗೆ ಹೋದರೂ ಕಾಗದ ತೆಗೆಯುವ ಮೊದಲು ಕುಡಿಯಲು ನೀರು ಕೇಳುತ್ತಾಳೆ. ಯಾಕೆಂದರೆ, “ನೀರು ಕೊಟ್ಟ ಮ್ಯಾಲ ಬೈಯಾಕ ಬಾಯಿ ಬರಂಗಿಲ್ರಿ ಮಂದೀಗೆ.” ಕೆಲವು ಮನೆಗಳಲ್ಲಿ ಇವತ್ತಿಗೂ ಆಕೆಯ ಬೊಗಸೆಗೆ ಮೇಲಿಂದ ನೀರು ಹೊಯ್ಯುತ್ತಾರೆ. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಮ್ಮೆ ಕೇಳಿಯೇ ಬಿಟ್ಟೆ, ಹೇಗೆ ಸಹಿಸುತ್ತೀ ಅಂತ. “ಅಂಥಾ ಮನಿಯಾಗ ಕಾಗದ ಓದಿ ಹೇಳ್ತೀನ್ರಿ ಮೇಡಂ, ಗಟ್ಟಿಯಾಗಿ. ಓಣಿ ತುದಿ ತನಕ ಕೇಳಬೇಕು, ಹಂಗ,” ಅಂದಳು. ನನಗೆ ಸಮಾಧಾನವಾಯಿತು.

ಆದರೆ ಸಗರದ ಅಯ್ಯಮ್ಮನ ಮುಂದೆ ಈ ನೀರಿನ ಉಪಾಯ ನಡೆಯಲಿಲ್ಲ. ಅಯ್ಯಮ್ಮ ಕುರಿ ಸಾಕುವ ಗಟ್ಟಿಗಿತ್ತಿ, ಬಾಯೂ ಅಷ್ಟೇ ಗಟ್ಟಿ. “ನಿನಗ ನೀರೂ ಇಲ್ಲ, ನಿನ್ನ ಕಾಗದ ತಗೊಳ್ಳಾಕ ನನಗ ಕೈಯೂ ಇಲ್ಲ, ನಡಿ,” ಎಂದು ಅಂಗಳದಿಂದಲೇ ಕಳಿಸಿದ್ದಳು. ಅದಕ್ಕೇ ಬಾಗಿಲಿಗೆ ಅಂಟಿಸಿದ್ದು, ಅದಕ್ಕೇ ಆಡಿಗೆ ಊಟವಾಗಿದ್ದು.

ವ್ಯಾಜ್ಯ ಹಿಂಡಿಯದು. ಬಕ್ರೀದಿಗೆ ಟಗರು ಕೊಬ್ಬಿಸಲು ಅಯ್ಯಮ್ಮ ಶಹಾಪುರದ ವಿಶ್ವರಾಧ್ಯ ಸಾಹುಕಾರರ ಅಂಗಡಿಯಿಂದ ಎರಡು ಸಲ ಹತ್ತಿಕಾಳಿನ ಹಿಂಡಿ ಉದ್ರಿ ಒಯ್ದಿದ್ದಳು. ಎರಡನೆಯ ಸಲದ್ದು ಬೂಷ್ಟು ಹಿಡಿದಿತ್ತು, ಟಗರುಗಳ ಹೊಟ್ಟೆ ಕೆಟ್ಟಿತು, ಅದಕ್ಕೆ ಒಂದು ಪೈಸೆಯನ್ನೂ ಕೊಡುವುದಿಲ್ಲ ಎಂದಳು. ನನ್ನ ಅಂಗಡಿಯಲ್ಲಿ ಕೆಟ್ಟ ಮಾಲು ಇಲ್ಲವೇ ಇಲ್ಲ ಎಂದರು ಸಾಹುಕಾರರು. ಮಾತಿಗೆ ಮಾತು ಬೆಳೆದು ಅವರು ದಾವೆ ಹಾಕಿದರು. ಇವಳು ಕೋರ್ಟಿನ ಕಡೆ ತಲೆಯನ್ನೂ ಹಾಕಲಿಲ್ಲ. ಬಾರದವರ ಮೇಲೆ ಏನಾಗುತ್ತದೆಯೋ ಅದೇ ಆಯಿತು. ಪೂರ್ತಿ ಬಾಕಿಗೆ, ಬಡ್ಡಿ ಸಹಿತ ಡಿಕ್ರಿ. ಆಮೇಲೂ ಕೊಡಲಿಲ್ಲ. ಕೊನೆಗೆ ಕುರಿ ಜಪ್ತಿಗೆ ಆರ್ಡರ್ ಬಂತು. ರೊಕ್ಕ ಕಟ್ಟದಿದ್ದರೆ ಹರಾಜು.

ಜಪ್ತಿ ಮಾಡಿ ಬಂದ ದಿನ ದೇವಕ್ಕ ಡಬ್ಬಿಯ ರೊಟ್ಟಿ ಮುಟ್ಟಲಿಲ್ಲ. “ಬೈದಿದ್ರ ಚಲೋ ಇತ್ತು ಮೇಡಂ. ಒಂದು ಮಾತೂ ಆಡಲಿಲ್ಲ ಆಕಿ. ‘ಬೂದಿ ಬಣ್ಣದ ಕುರಿ ಗಬ್ಬ ಅದ, ಅದನ್ನ ಓಡಿಸಬ್ಯಾಡ’ ಅಂದಳು, ಅಷ್ಟ.” ಅಯ್ಯಮ್ಮನಿಗೆ ಇರುವುದೆಲ್ಲ ಆ ಹಿಂಡೇ. ಅದು ಹರಾಜಾದರೆ ನಾಳೆ ಏನನ್ನು ಕಾಯಬೇಕು ಆಕೆ? ಕುರಿಗಳ ಮಗ್ಗುಲಲ್ಲೇ ಆಕೆ ದೊಡ್ಡವಳಾಗಿದ್ದಳು.

ಜಪ್ತಿಯಾದ ಕುರಿಗಳನ್ನು ಯಾರದಾದರೂ ಜಿಮ್ಮೆಗೆ ಕೊಡಬೇಕು. ಅಯ್ಯಮ್ಮನ ಹತ್ತಿರವೇ ಬಿಡಬಹುದಿತ್ತು. ವಿಶ್ವರಾಧ್ಯ ಒಪ್ಪಲಿಲ್ಲ. ಬೆಳಗಾಗುವುದರೊಳಗೆ ಭೀಮಾ ಹೊಳೆ ದಾಟಿಸಿಬಿಡುತ್ತಾಳೆ, ನನ್ನ ಗೋದಾಮಿನ ಹಿತ್ತಲಲ್ಲೇ ಇರಲಿ, ಮೇವು ನನ್ನದೇ ಎಂದು ಬರೆದುಕೊಟ್ಟು ಹಿಂಡನ್ನು ಹೊಡೆಸಿಕೊಂಡು ಬಂದರು.

ಅಲ್ಲಿಂದ ಶುರುವಾಯಿತು ತಮಾಷೆ. ಸಾಹುಕಾರರು ಅಮಾವಾಸ್ಯೆ ತಪ್ಪದೆ ಅಬ್ಬೆತುಮಕೂರಿನ ಮಠಕ್ಕೆ ಹೋಗಿಬರುವ ಮಡಿ ಮನುಷ್ಯ, ಧೋತರಕ್ಕೆ ಒಂದು ಕಲೆ ಬಿದ್ದರೆ ಸೈರಿಸದವರು. ಈಗ ನೋಡಿದರೆ ಧೋತರ ಮೊಣಕಾಲಿಗೆ ಕಟ್ಟಿಕೊಂಡು ಕುರಿಗಳ ನಡುವೆ ಬಕೆಟ್ಟು ಹಿಡಿದು ಓಡಾಡುತ್ತಿದ್ದರು. ಕುರಿಗಳು ಒಂದೇ ಸಮನೆ ಅರಚುತ್ತಿದ್ದವು. ಪಕ್ಕದ ಮನೆಯ ನಜೀಮಾ ಗೋಡೆಯ ಮೇಲಿಂದ ಇಣುಕಿ, “ಸಾವ್ಕಾರ್ರ, ಅಂಗಡಿ ಬಿಟ್ಟು ಕುರಿ ಕಾಯಾಕ ನಿಂತೀರೇನ್ರಿ?” ಎಂದು ಕೇಳಿದಳಂತೆ. ಆಕೆ ಕೇಳಿದ್ದು ಒಮ್ಮೆ, ಊರು ಕೇಳಿದ್ದು ಹತ್ತು ಸಲ.

ಆದರೆ ತಮಾಷೆ ಬಹಳ ದಿನ ಉಳಿಯಲಿಲ್ಲ. ಸಾಹುಕಾರರು ಕೈಬಿಚ್ಚಿ ತಮ್ಮದೇ ಹಿಂಡಿ ಹಾಕುತ್ತಿದ್ದರೂ ಕುರಿಗಳು ಸೊರಗಿದವು. ಕೆಲವು ಮೂಸಿ ಮುಖ ತಿರುಗಿಸಿದವು, ತಿಂದವು ಹೊಟ್ಟೆ ಕೆಟ್ಟು ನಿಂತಲ್ಲೇ ನಿಂತವು. ಕೋರ್ಟಿನ ಮುಂದೆ ಆ ಕುರಿಗಳ ಜವಾಬ್ದಾರಿ ದೇವಕ್ಕನದು. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಹಿತ್ತಲಿಗೆ ಹೋಗಿ ನೋಡಿ ಬರುತ್ತಿದ್ದವಳು, ಒಂದು ದಿನ ನೋಡಿದವಳೇ ನೆಟ್ಟಗೆ ಸಗರದ ಟಂಟಂ ಹತ್ತಿದಳು. ಈ ಸಲ ಚೀಲದಲ್ಲಿ ಕಾಗದವಿರಲಿಲ್ಲ. “ಅಯ್ಯಮ್ಮ, ಕುರಿ ಹೊಟ್ಟಿ ಕೆಟ್ಟಾವ. ನನ್ನ ಮ್ಯಾಲಿನ ಸಿಟ್ಟು ಇಲ್ಲೇ ಇಟ್ಟು ಬಾ,” ಅಂದಳಂತೆ. ಯಾವ ಸಮನ್ಸಿಗೂ ಶಹಾಪುರದ ಕಡೆ ಮುಖ ಹಾಕದ ಅಯ್ಯಮ್ಮ ಅದೇ ಟಂಟಂನಲ್ಲಿ ಬಂದಳು.

ಮಧ್ಯಾಹ್ನದ ಬಿಡುವಿನಲ್ಲಿ ನಾನೂ ಹಿತ್ತಲಿಗೆ ಹೋದೆ, ಸುಳ್ಳೇಕೆ, ಜಗಳ ನೋಡಲು. ಅಯ್ಯಮ್ಮ ಮೊದಲು ಹೋದದ್ದು ಕುರಿಗಳ ಹತ್ತಿರ. ಒಂದೊಂದು ಕುರಿಯ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು. ಆಮೇಲೆ ಹಿಂಡಿಯ ಚೀಲಕ್ಕೆ ಮೊಣಕೈವರೆಗೆ ಕೈ ಹಾಕಿ, ತಳದಿಂದ ಒಂದು ಹಿಡಿ ತೆಗೆದು ಸಾಹುಕಾರರ ಮೂಗಿನ ಮುಂದೆ ಹಿಡಿದಳು.

“ಮೂಸಿ ನೋಡ್ರಿ.”

ಅವರು ಮೂಸಿದರು. ಗೋದಾಮಿನೊಳಗೆ ಹೋದರು. ಚೀಲಗಳನ್ನು ಒಂದೊಂದಾಗಿ ಎಳೆಯುವ ಸದ್ದು ಕೇಳಿಸಿತು. ಹೊರಗೆ ಬಂದಾಗ ಅಂಗೈಗೆ ಹಸಿರು ಬೂಷ್ಟು ಮೆತ್ತಿತ್ತು. ಆಚೆ ಮಗ್ಗುಲಿನ ಗಟಾರದ ನೀರು ಗೋಡೆಯೊಳಗೆ ಜಿನುಗಿ, ಗೋಡೆಗೆ ಹಚ್ಚಿದ ಸಾಲಿನ ಚೀಲಗಳೆಲ್ಲ ತಳದಲ್ಲಿ ತೊಯ್ದು ಹೋಗಿದ್ದವು.

“ನಾ ಬೇಕಂತ ಕೊಟ್ಟಿಲ್ಲ ಅಯ್ಯಮ್ಮ,” ಅಂದರು.

“ಬೇಕಂತ ಕೊಟ್ರಿ ಅಂತ ನಾ ಎಂದಂದೀನ್ರಿ? ಹಿಂಡಿ ಕೆಟ್ಟದ ಅಂದೆ. ನಾಕು ಮಂದಿ ಗಿರಾಕಿ ಮುಂದ ನನಗ ಸುಳ್ಳಿ ಅಂದ್ರಿ ನೀವು.”

ನೋಡಿ, ಇದು ನಮ್ಮ ಕಡತದಲ್ಲಿ ಎಲ್ಲೂ ಇರಲಿಲ್ಲ. ದಾವೆಯಲ್ಲಿ ಅಸಲು ಇತ್ತು, ಬಡ್ಡಿ ಇತ್ತು, ಖರ್ಚು ಇತ್ತು. ಸುಳ್ಳಿ ಅಂದದ್ದು ಇರಲಿಲ್ಲ. ಆಕೆ ಕಾಗದ ಮುಟ್ಟದೇ ಇದ್ದದ್ದು ಆ ಒಂದು ಮಾತಿಗೆ ಎಂದು ನನಗೆ ಆಗ ತಿಳಿಯಿತು. ಸಾಹುಕಾರರು ಬೂಷ್ಟಿನ ಕೈಯನ್ನು ಧೋತರಕ್ಕೇ ಒರೆಸಿಕೊಂಡರು.

“ಅಂದಿದ್ದೆ. ನಂದ ತಪ್ಪು.”

ಅಯ್ಯಮ್ಮ ಹತ್ತಿರದ ಕುರಿಯ ಬೆನ್ನು ಸವರಿದಳು. “ಮೊದಲನೇ ಸಲದ ಹಿಂಡಿ ಚಲೋ ಇತ್ತು,” ಎಂದಳು ನೆಲ ನೋಡುತ್ತ. “ಅದರ ರೊಕ್ಕ ನಾ ಕೊಡೂದು ಖರೇ.”

ಆಕೆ ಮನೆಗೆ ಹೋಗಲಿಲ್ಲ. ಕುರಿಗಳಿಗೆ ಒಣ ತೊಗರಿ ಹೊಟ್ಟು ಹಾಕಿಸಿ, ತನಗೆ ತಿಳಿದ ಔಷಧಿ ಕುಡಿಸಿ, ನಜೀಮಾಳ ಮನೆಯಲ್ಲೇ ಉಳಿದಳು. ಆ ವಾರವೇ ಬೂದಿ ಬಣ್ಣದ ಕುರಿ ಈಯಿತು. ಮರಿ ಕಾಲೂರಿ ನಿಲ್ಲುವಾಗ ಹಿಡಿದುಕೊಂಡವರು ವಿಶ್ವರಾಧ್ಯ ಸಾಹುಕಾರರೇ. ಅಂದಿನಿಂದ ಅಂಗಡಿಗೆ ಬಂದ ಗಿರಾಕಿಗೆಲ್ಲ ಮೊದಲು ಮರಿ ತೋರಿಸಿ ಆಮೇಲೆ ಹಿಂಡಿ ತೋರಿಸುತ್ತಿದ್ದರು.

ಲೋಕ ಅದಾಲತ್ತಿನ ದಿನ ಇಬ್ಬರೂ ಒಟ್ಟಿಗೇ ಬಂದರು. ರಾಜಿ ಇಷ್ಟು: ಮೊದಲನೆಯ ಸಲದ ಹಿಂಡಿಯ ದುಡ್ಡನ್ನು ಟಗರು ಮಾರಿ ಕೊಡುವುದು, ಎರಡನೆಯದನ್ನೂ ಬಡ್ಡಿಯನ್ನೂ ಬಿಡುವುದು, ಕುರಿಗಳನ್ನು ಇವತ್ತೇ ಬಿಡಿಸಿಕೊಡುವುದು. ನಾನು ಟೈಪ್ ಮಾಡುತ್ತಿದ್ದೆ. ಸಾಹೇಬರು ಕನ್ನಡಕ ಸರಿಮಾಡಿಕೊಂಡು, ಜಪ್ತಿಯ ಮೇಲೆ ಹುಟ್ಟಿದ ಮರಿ ಯಾರದು ಎಂದು ಕೇಳಿದರು. ಕೋರ್ಟಿನಲ್ಲಿದ್ದವರೆಲ್ಲ ನಕ್ಕರು.

“ಆಕೀದ್ರಿ. ಈಗ ನನಗ ಕೊಟ್ಟಾಳ, ಪಾಲಿಗೆ ಆಕೀನ ಸಾಕ್ತಾಳ,” ಅಂದರು ವಿಶ್ವರಾಧ್ಯ. ನಮ್ಮ ಕಡೆ ಅದು ರೂಢಿ. ಒಬ್ಬರ ಕುರಿಯನ್ನು ಇನ್ನೊಬ್ಬರು ಮೇಯಿಸುವುದು, ಅದು ಈದ ಮರಿಗಳಲ್ಲಿ ಅರ್ಧರ್ಧ.

“ಅದನ್ನೂ ರಾಜಿಯಲ್ಲಿ ಬರೆಸೋಣವೇ?” ಎಂದರು ಸಾಹೇಬರು.

“ಬರಿಯೂದು ಬ್ಯಾಡ್ರಿ,” ಎಂದರು ಇಬ್ಬರೂ. ನಾನು ಕೀಲಿಮಣೆಯಿಂದ ಕೈ ತೆಗೆದೆ.

ರಾಜಿ ಆದೇಶದ ನಕಲು ಮುಟ್ಟಿಸಲು ದೇವಕ್ಕ ಸಗರಕ್ಕೆ ಹೊರಟಾಗ ರಜೆ ಹಾಕಿ ನಾನೂ ಜೊತೆಗೆ ಹೋದೆ. ಅಂಗಳದಲ್ಲಿ ಕುರಿಗಳು ಮೆಲುಕು ಹಾಕುತ್ತಿದ್ದವು. ದೇವಕ್ಕ ರೂಢಿಯಂತೆ ಬಾಯಿ ತೆರೆಯುವಷ್ಟರಲ್ಲಿ ಅಯ್ಯಮ್ಮ ಒಳಗಿನಿಂದ ತಾನು ಕುಡಿಯುವ ಹಿತ್ತಾಳೆ ಚೊಂಬನ್ನೇ ತುಂಬಿಕೊಂಡು ಬಂದಳು. ಬೊಗಸೆಗೆ ಹೊಯ್ಯಲಿಲ್ಲ. ಚೊಂಬನ್ನು ಕೈಗೇ ಕೊಟ್ಟಳು. ದೇವಕ್ಕ ಗಟಗಟ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು, ಹಾಗೆಯೇ ಕಣ್ಣನ್ನೂ.

ಅಯ್ಯಮ್ಮ ಕೈ ಚಾಚಿದಳು. “ಕೊಡು ಈಗ ಕಾಗದ. ಆಡು ಕಟ್ಟಿ ಹಾಕೀನಿ.”