ತಲೆ ಕೊಡವದ ಹುಂಜ

ಗೆಳೆಯರೇ, ಪ್ರದರ್ಶನಕ್ಕೆಂದು ಸಾಕುವ ನನ್ನ ಜುಟ್ಟಿನ ಕೋಳಿಗಳ ತಳಿ ಮುಂದುವರಿಸಲು ಇಂದು ಎರಡು ಹುಂಜಗಳಲ್ಲಿ ಒಂದನ್ನು ಉಳಿಸಿಕೊಳ್ಳಬೇಕಿತ್ತು, ಇನ್ನೊಂದು ಕೋಳಿ ಸಾರಿಗೆ. ಉಳಿಸಿಕೊಳ್ಳಲು ದುಂಡು ಜುಟ್ಟಿನದನ್ನು ಆರಿಸಿದೆ. ಧೂಳು ಹೋಗಲೆಂದು ಎರಡರ ತಲೆಗೂ ನೀರು ಚಿಮುಕಿಸಿದೆ.

ಕುಳಗಿಯಿಂದ ಕೆಲಸಕ್ಕೆ ಬರುವ ಗಂಗವ್ವ ನನ್ನ ಕೈ ಹಿಡಿದಳು. "ಏನ್ ಮಾಡಿದ್ರಿ ಬಾಯಾರ? ದೇವಿ ಮುಂದ ಬಲಿ ಕೊಡೂಕಿಂತ ಮೊದ್ಲ ಹಿಂಗ ನೀರ್ ಹಾಕಿ ಕೇಳ್ತೇವ್ರಿ. ತಲಿ ಕೊಡವಿದ್ರ ಸಾಯಾಕ ಒಪ್ಪೇತಿ ಅಂತ."

ನಾನು ಆರಿಸಿದ್ದು ಆಗಲೇ ಕೊಡವಿತ್ತು. ಸಾರಿಗೆಂದಿದ್ದ ಹುಂಜ ಅಲುಗಲಿಲ್ಲ. ನೀರು ತೊಟ್ಟಿಕ್ಕುವ ಜುಟ್ಟಿನಡಿಯಿಂದ ನನ್ನನ್ನೇ ನೋಡುತ್ತಿತ್ತು.

"ನೀರು ಬಿದ್ದರೆ ಕೋಳಿ ಕೊಡವುತ್ತದೆ, ಅಷ್ಟೇ," ಎಂದೆ.

"ಹಂಗಾರ ಇದ್ಯಾಕ ಕೊಡವಲಿಲ್ರಿ?"

ಚೂರಿ ಒಳಗಿಟ್ಟು ಬೇಳೆ ಸಾರು ಮಾಡಿದೆ. ಈಗ ಸಂಜೆ. ಆ ಹುಂಜದ ಜುಟ್ಟು ಒಣಗಿದೆ, ನಿಂತ ಜಾಗ ಬಿಟ್ಟಿಲ್ಲ. ಇದೆಲ್ಲ ಮೂಢನಂಬಿಕೆ ಎನ್ನಲು ನಾನು ಸಿದ್ಧಳಿದ್ದೇನೆ. ಅದು ಒಮ್ಮೆ ತಲೆ ಕೊಡವಲಿ.