ಮಲತಾಯಿಗೊಂದು ಕೆಲಸ

ಕತೆ ಹೇಳಿ ಎಂಥ ಮಗುವನ್ನಾದರೂ ಒಲಿಸಿಕೊಳ್ಳಬಹುದೆಂದು ನಂಬಿದ್ದವಳು ನಾನು. ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಾಗ ಯಜಮಾನರ ಮೊದಲ ಸಂಸಾರದ ಮಗಳು ಸಿಂಚನಾಗೆ ಏಳು ವರ್ಷ. ತಾಯಿಯನ್ನು ಕಳೆದುಕೊಂಡ ಮಗು. ನನ್ನನ್ನು ಚಿಕ್ಕಮ್ಮ ಎಂದು ಮರ್ಯಾದೆಯಿಂದಲೇ ಕರೆಯುತ್ತಿದ್ದಳು, ಆದರೆ ಒಂದು ಮಾರು ದೂರ ಕೂತು. ಆ ದೂರ ನನ್ನನ್ನು ನೋಯಿಸುತ್ತಿತ್ತು.

ಒಂದು ಭಾನುವಾರ ಇಬ್ಬರೂ ಮೊರದ ಅತ್ತಿತ್ತ ಕೂತು ಅವರೆಕಾಯಿ ಬಿಡಿಸುವಾಗ ಕತೆ ಶುರುಮಾಡಿದೆ. ಆಗಲೇ ಹೊಳೆದದ್ದು, ನನಗೆ ಗೊತ್ತಿರುವ ಕತೆಗಳಲ್ಲೆಲ್ಲ ಒಬ್ಬಳು ಮಲತಾಯಿ. ಏಳು ಸಮುದ್ರದಾಚೆ ಹೋದರೂ ಅವಳೇ. ರಾಜನಿಗೆ ಇಬ್ಬರು ಹೆಂಡಿರಿದ್ದರೆ ಕಿರಿಯವಳು ಕೆಟ್ಟವಳು. ಏಳು ಗಂಡುಮಕ್ಕಳಿದ್ದರೆ ಕಿರಿಯವನು ಒಳ್ಳೆಯವನು. ಕಿರಿಮಗನಿಗೆ ಸಿಕ್ಕ ರಿಯಾಯಿತಿ ಕಿರಿಹೆಂಡತಿಗೇಕೆ ಸಿಗಲಿಲ್ಲವೋ, ಜಾನಪದ ಪಂಡಿತರನ್ನೇ ಕೇಳಬೇಕು. ಈ ಕತೆಗಳನ್ನು ಕಟ್ಟಿದವರೆಲ್ಲ ಹಿರಿಹೆಂಡತಿಯರೇ ಇರಬೇಕೆಂದು ನನ್ನ ಅನುಮಾನ.

ಸರಿ, ಮಲತಾಯಿಯನ್ನು ತೆಗೆದು ಆ ಜಾಗಕ್ಕೆ ಪಕ್ಕದ ಮನೆಯವಳನ್ನು ಹಾಕಿದೆ. ಮಾರನೆಯ ದಿನ ಪಕ್ಕದ ಮನೆಯ ಪುಟ್ಟಮ್ಮನವರು ಕೊಟ್ಟ ಚಕ್ಕುಲಿಯನ್ನು ಸಿಂಚನಾ ಮುಟ್ಟಲಿಲ್ಲ. ಮುಂದಿನ ಭಾನುವಾರ ಮತ್ತೆ ಮೊರದ ಅತ್ತಿತ್ತ ಕೂತಾಗ, ಕೆಟ್ಟವರ ಸಹವಾಸವೇ ಬೇಡವೆಂದು ಎಲ್ಲರನ್ನೂ ಒಳ್ಳೆಯವರನ್ನಾಗಿ ಮಾಡಿದೆ. ನನ್ನ ರಾಜಕುಮಾರಿ ಹೊತ್ತಿಗೆ ಸರಿಯಾಗಿ ಉಂಡು, ಪಾಠ ಕಲಿತು, ಮನೆಗೆ ಬಂದಳು. ನಮ್ಮಲ್ಲಿ ಕತೆ ಕೇಳುವವರು ಮಾತುಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಂತಂತೆ. ರಾಜಕುಮಾರಿ ಕೈಕಾಲು ತೊಳೆಯುವ ಹೊತ್ತಿಗೆ ಸಿಂಚನಾಳ ಹೂಂ ನಿಂತಿತು.

ಯಾಕೆ ಎಂದು ಕೇಳಿದೆ. ಮಲತಾಯಿ ಎಲ್ಲಿ ಎಂದಳು. ರಾಮನಾಥಪುರದ ಅವಳ ತಾಯಿಯ ತಾಯಿ ಹೇಳುವ ಕತೆಗಳಲ್ಲಿ ಅವಳು ಇದ್ದೇ ಇರುತ್ತಾಳಂತೆ. ಅವಳು ಕೆಟ್ಟವಳು, ಬೇಡ ಬಿಡು ಎಂದೆ.

"ಅವ್ಳು ಅಟ್ದೆ ಇದ್ರೆ ಉಡುಗಿ ಕಾಡಿಗೆ ಎಂಗೋಯ್ತಾಳೆ ಚಿಕ್ಕಮ್ಮ? ಕಾಡಿಗೇ ಓಗ್ದಿದ್ರೆ ಅದೆಂತಾ ಕತೆ?"

ಇಷ್ಟು ವರ್ಷ ಪುಸ್ತಕ ಓದಿಯೂ ನನಗೆ ತಿಳಿಯದ್ದು ಅವಳಿಗೆ ತಿಳಿದಿತ್ತು. ಹುಡುಗಿಯನ್ನು ಹೊಸ್ತಿಲು ದಾಟಿಸಲು ಕತೆಗೆ ಯಾರೋ ಒಬ್ಬರು ಬೇಕು. ಆ ಕೆಲಸ ಮಲತಾಯಿಯ ಪಾಲಿಗೆ ಬಂದಿದೆ, ಅಷ್ಟೇ. ಧೈರ್ಯ ಮಾಡಿ ಅವಳನ್ನು ವಾಪಸ್ಸು ಕರೆಸಿದೆ. ಕರೆಸಿದ ಮೇಲೆ ಕಂಜೂಸಿ ಮಾಡಲಿಲ್ಲ. ಕಣ್ಣು ಅಗಲಿಸಿದೆ, ಹಲ್ಲು ಕಡಿದೆ, ಗಂಟಲನ್ನು ಗೊಗ್ಗರು ಮಾಡಿಕೊಂಡು ಗದರಿದೆ. ಹೂಂ ಸಣ್ಣದಾಗುತ್ತಾ ಬಂತು. ಮಲತಾಯಿ ಹುಡುಗಿಯನ್ನು ಹೊರಗೆ ತಳ್ಳಿ ಅಗುಳಿ ಹಾಕಿದ್ದೇ ತಡ, ಸಿಂಚನಾ ಮೊರ ದಾಟಿ ಬಂದು, ಆ ಮಲತಾಯಿಗೆ ಹೆದರಿ, ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.